ಶುಭ ಕೋರುವವರ ಪುಟ

ಬ್ಯಾಡಗಿಯಲ್ಲಿ ಬಸ್ಸಿಳಿದರೆ ನನಗೆ ಮೊದಲು ಬರುವುದು ಸೀನು. ಹಂಗಾಮಿನ ದಿನಗಳಲ್ಲಂತೂ ಊರು ಇನ್ನೂ ದೂರ ಇರುವಾಗಲೇ ಮೂಗು ಚುರುಗುಟ್ಟಲು ಶುರುವಾಗುತ್ತದೆ. ಈ ಸಲ ಫೆಬ್ರವರಿಯಲ್ಲಿ ಮನೆಗೆ ವರ್ಷದ ಖಾರಕ್ಕೆಂದು ಮೆಣಸಿನಕಾಯಿ ತರಲು ಹೋದಾಗಲೂ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಇಳಿದೆ. ಆದರೂ ಮಾರ್ಕೆಟ್ಟಿನ ಗೇಟು ಮುಟ್ಟುವುದರೊಳಗೆ ಸೀನಿ ಸೀನಿ ಕಣ್ಣಲ್ಲಿ ನೀರು ಬಂದಿತ್ತು. ಹೀಗೆ ಸೀನಿದಾಗಲೆಲ್ಲ ನನಗೆ ರೇಣುಕಾ ನೆನಪಾಗುತ್ತಾಳೆ. ಆ ದಂಧೆಯ ದಿನಗಳಲ್ಲಿ ಅವಳು ಇಲ್ಲಿ ಒಂದು ಸಲವೂ ಸೀನಿದವಳಲ್ಲ. ಕೆಂಪು ರಾಶಿಗಳ ನಟ್ಟನಡುವೆ ಕ್ಯಾಮೆರಾ ಹಿಡಿದು, ಮಲ್ಲಿಗೆ ತೋಟದಲ್ಲಿ ನಿಂತವರ ಹಾಗೆ ನಿಲ್ಲುತ್ತಿದ್ದಳು. ಅಷ್ಟಕ್ಕೇ ನಾನು ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ ಅಂದಮೇಲೆ ಉಳಿದದ್ದಕ್ಕೆ ಎಷ್ಟು ಪಟ್ಟಿರಬೇಕು, ನೀವೇ ನೋಡಿ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ರಾಣೇಬೆನ್ನೂರಿಗೆ ಬ್ರಾಡ್‌ಬ್ಯಾಂಡ್ ಬಂದು ಹೆಚ್ಚು ದಿನ ಆಗಿರಲಿಲ್ಲ. ಅಲ್ಲಿ ಬೀಜದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಕ್ಲಾಸ್ ಇತ್ತು. ಮೊದಲು ಟೈಪಿಂಗ್ ಕಲಿಸುತ್ತಿದ್ದವಳು, ಕಾಲ ಬದಲಾದ ಹಾಗೆ ಕಂಪ್ಯೂಟರ್ ಇಟ್ಟೆ. ಆಮೇಲೆ ಪುಸ್ತಕ ನೋಡಿ, ಹತ್ತು ಸಲ ಕೆಡಿಸಿ, ವೆಬ್‌ಸೈಟ್ ಮಾಡುವುದನ್ನು ಕಲಿತೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಊರಿನ ನಡುವೆ ಆ ಕೆಲಸ ಬಲ್ಲವಳು ಆಗ ನಾನೊಬ್ಬಳೇ. ನಮ್ಮ ಕಡೆ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತಾರೆ. "ವೆಬ್‌ಸೈಟ್ ಬೇಕಂದ್ರ ಗಿರಿಜಾ ಅಕ್ಕೋರ ಕಡೆ ಹೋಗ್ರಿ" ಎಂದು ಯಾರಾದರೂ ಯಾರಿಗಾದರೂ ಹೇಳಿದ್ದು ಕಿವಿಗೆ ಬಿದ್ದರೆ ಆ ದಿನವೆಲ್ಲ ನನ್ನ ನಡಿಗೆಯೇ ಬೇರೆ ಇರುತ್ತಿತ್ತು.

ರೇಣುಕಾ ಕುಪ್ಪೇಲೂರಿನಿಂದ ದಿನಾ ಬಸ್ಸಿನಲ್ಲಿ ಬಂದು ನನ್ನ ಕ್ಲಾಸಿನಲ್ಲಿ ಕಲಿತ ಹುಡುಗಿ. ಮೌಸ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಅವಳಿಗೆ ಕಲಿಸಿದವಳು ನಾನು. ಕಲಿತ ಮೇಲೆ ಅವಳು ಹಾವೇರಿಯಲ್ಲಿ ಒಂದು ಚಿಕ್ಕ ಅಂಗಡಿ ಹಿಡಿದು ತಾನೂ ವೆಬ್‌ಸೈಟ್ ಮಾಡಲು ಕುಳಿತಳು. ಆಗಲೂ ನನಗೆ ಏನೂ ಅನಿಸಲಿಲ್ಲ, ಖುಷಿಯೇ ಆಯಿತು. ವೆಬ್‌ಸೈಟ್ ಇಡಲು ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿನಲ್ಲಿ ಜಾಗ ಬಾಡಿಗೆಗೆ ಹಿಡಿಯಬೇಕು. ನಾನು ಒಂದು ಜಾಗ ಹಿಡಿದು ಅದರೊಳಗೆ ನನ್ನ ಗಿರಾಕಿಗಳ ಸೈಟುಗಳನ್ನೆಲ್ಲ ಇಟ್ಟಿದ್ದೆ. ಅವಳು ಬಂದು, "ಅಕ್ಕೋರ, ನಿಮ್ಮ ಜಾಗದಾಗ ನಂದೂ ಒಂದೀಟು ಇಟ್ಕೊಳ್ಲೇನ್ರಿ?" ಎಂದು ಕೇಳಿದಾಗ ವಾಡೆಯ ಯಜಮಾನಿಯ ಹಾಗೆ ಹೂಂ ಅಂದೆ. ಒಂದೇ ವಾಡೆ, ಒಳಗೆ ಹತ್ತು ಸಂಸಾರ, ತಲಬಾಗಿಲು ಮಾತ್ರ ಒಂದೇ. ವ್ಯವಸ್ಥೆ ಅಂಥದು. ಅದರ ಅಪಾಯ ನನಗೆ ಗೊತ್ತಿತ್ತು. ಆದರೆ ಬಾಡಿಗೆಗೆ ಇದ್ದವಳು ನನ್ನ ಶಿಷ್ಯೆ ಅಲ್ಲವೇ ಅಂದುಕೊಂಡೆ.

ಅವಳ ಹೆಸರು ಎದ್ದದ್ದು ಹಾವೇರಿಯ ಒಂದು ಸೀರೆ ಅಂಗಡಿಯ ಸೈಟಿನಿಂದ. ಆ ಹೊತ್ತಿಗೆ ನಮ್ಮ ಊರುಗಳಲ್ಲಿ ಫ್ಲೆಕ್ಸ್ ಬೋರ್ಡಿನ ಹುಚ್ಚು ಶುರುವಾಗಿತ್ತು. ಯಾರದೋ ಅಂಗಡಿ ತೆರೆಯಲಿ, ಯಾರಿಗೋ ಪದವಿ ಸಿಗಲಿ, ನಡುವೆ ದೊಡ್ಡ ಮುಖ ಒಂದು, ಕೆಳಗೆ ಶುಭ ಕೋರುವವರ ಮುಖಗಳು ಸಾಲುಸಾಲು. ಆ ಸಾಲಿನಲ್ಲಿ ತನ್ನ ಮುಖ ಬಿಟ್ಟುಹೋಯಿತೆಂದು ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮಲ್ಲಿದ್ದಾರೆ. ರೇಣುಕಾ ಅದನ್ನೇ ಎತ್ತಿ ಸೈಟಿನೊಳಗೆ ಇಟ್ಟಳು. 'ಶುಭ ಕೋರುವವರು' ಎಂದು ಒಂದು ಪುಟ. ಯಾರು ಬೇಕಾದರೂ ತಮ್ಮ ಫೋಟೋ ತಾವೇ ಹಾಕಬಹುದು, ಹೆಸರು ಮತ್ತು ಊರು ಬರೆಯಬಹುದು. ಗುತ್ತಲದವರು, ದೇವರಗುಡ್ಡದವರು, ಸೀರೆಗೂ ತಮಗೂ ಸಂಬಂಧವೇ ಇಲ್ಲದವರು, ಎಲ್ಲರೂ ಸೈಬರ್ ಕೆಫೆಗೆ ಹೋಗಿ ಫೋಟೋ ಹಾಕಿದರು. ಹಾಕಿದವರು ಮನೆಮಂದಿಯನ್ನೆಲ್ಲ ಕರೆತಂದು ತೋರಿಸಿದರು. ಸೈಟಿನ ಕೆಳಗೆ ಎಷ್ಟು ಜನ ನೋಡಿದರೆಂದು ಅಂಕಿ ತೋರಿಸುವ ಒಂದು ಪಟ್ಟಿ ಇರುತ್ತಿತ್ತು. ಅವಳದು ಆಟೋ ಮೀಟರಿನ ಹಾಗೆ ಓಡುತ್ತಿತ್ತು. ನನ್ನ ಸೈಟುಗಳಲ್ಲಿ ಅಂಕಿ ಏರಿದರೆ ಬಹುಶಃ ನಾನೇ ನೋಡಿದ್ದಿರಬೇಕು.

ದಿನಾ ಬೆಳಿಗ್ಗೆ ಕ್ಲಾಸ್ ಬಾಗಿಲು ತೆರೆದವಳೇ ಮೊದಲು ಅವಳ ಸೈಟಿನ ಅಂಕಿ ನೋಡುತ್ತಿದ್ದೆ. ನೋಡಿ ಹೊಟ್ಟೆ ಉರಿದುಕೊಂಡ ಮೇಲೆ ದೇವರಿಗೆ ಊದಿನಕಡ್ಡಿ ಹಚ್ಚುತ್ತಿದ್ದೆ. ನಾನು ನೋಡಿದ್ದಕ್ಕೂ ಅವಳ ಅಂಕಿಯೇ ಒಂದು ಏರುತ್ತದೆ ಎಂಬುದು ಗೊತ್ತಿದ್ದೂ ನೋಡದೆ ಇರಲಾಗುತ್ತಿರಲಿಲ್ಲ.

ನನ್ನ ದೊಡ್ಡ ಗಿರಾಕಿ ಅಂದರೆ ಬ್ಯಾಡಗಿಯ ದಲಾಲಿ ಅಂಗಡಿಯ ಚನ್ನಬಸಪ್ಪ ಸಾವಕಾರರು. ರೈತರು ತಂದ ಮೆಣಸಿನಕಾಯಿಯನ್ನು ಖರೀದಿದಾರರಿಗೆ ಮಾರಿಸಿಕೊಡುವವರು. ಅವರ ಸೈಟಿಗೆ ನಾನು ಜೀವ ತೇದಿದ್ದೆ. ಡಬ್ಬಿಕಾಯಿ ಬೇರೆ, ಕಡ್ಡಿಕಾಯಿ ಬೇರೆ, ಒಂದೊಂದರ ಬಣ್ಣ ಹೇಗೆ, ಸುಕ್ಕು ಹೇಗೆ, ಎಲ್ಲವನ್ನೂ ಸೀನುತ್ತ ಸೀನುತ್ತ ಕೇಳಿ ಬರೆದುಕೊಂಡು ಹಾಕಿದ್ದೆ. ಆದರೆ ಸಾವಕಾರರು ಹಾವೇರಿಯಲ್ಲಿ ಸೀರೆ ಅಂಗಡಿಯ ಸೈಟ್ ನೋಡಿಬಂದರು.

"ಅಕ್ಕೋರ, ನಮ್ಮದ್ರಾಗ ಬರೇ ಕಾಯಿ ಅದಾವಲ್ರಿ, ಮಂದಿ ಎಲ್ಲಿ? ಆ ರೇಣುಕಾನ ಸೈಟಿನ್ಯಾಗ ಮಂದಿ ಮಾರಿ ಎಷ್ಟು ಲಕಲಕ ಅಂತಾವು."

"ಕಾಯಿ ಮಾರೋ ಸೈಟಿನ್ಯಾಗ ಮಾರಿ ಯಾಕ್ರಿ ಸಾವ್ಕಾರ್ರ?" ಅಂದೆ ನಾನು.

"ಮಂದಿ ಇದ್ರ ಅಂಗಡಿ ಅಲ್ಲೇನ್ರಿ" ಅಂದರು. ನಾನು ಮಾತು ಹಾರಿಸಿದೆ. ಆದರೆ ಆ ಸಂಕ್ರಾಂತಿಗೆ ರೇಣುಕಾ ಕುಸುರೆಳ್ಳು ಕೊಡಲು ಬಂದಾಗ ನನಗೆ ಅದು ಬಾಯಿಗೆ ಸಿಹಿ ಹತ್ತಲೇ ಇಲ್ಲ.

ಹಂಗಾಮು ಏರಿತು. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮಾರ್ಕೆಟ್ಟು. ಹಿಂದಿನ ದಿನವೇ ಚೀಲ ತುಂಬಿದ ಲಾರಿ, ಟ್ರ್ಯಾಕ್ಟರುಗಳ ಸಾಲು ಊರ ಹೊರಗಿನವರೆಗೂ ನಿಲ್ಲುತ್ತಿತ್ತು. ತಮಿಳುನಾಡಿನ ಕಡೆಯ ಮಸಾಲೆ ಕಂಪನಿಯವರು ಸಾವಕಾರರಿಗೆ ಹೇಳಿ ಕಳಿಸಿದ್ದರು: ಬರುವ ಸೋಮವಾರ ಬರುತ್ತೇವೆ, ಅದಕ್ಕೆ ಮುಂಚೆ ನಿಮ್ಮ ವೆಬ್‌ಸೈಟ್ ನೋಡಿರುತ್ತೇವೆ. ಸಾವಕಾರರು ನನಗೆ ನೇರವಾಗಿ ಹೇಳಿದರು. "ಅವ್ರು ಸೈಟ್ ನೋಡಿ ಒಪ್ಪಿದ್ರ ಅಕ್ಕೋರ, ಇನ್ನ ಮುಂದಿನದೆಲ್ಲಾ ಕೆಲಸ ನಿಮಗ. ಒಪ್ಪಲಿಲ್ಲಂದ್ರ ನಾ ರೇಣುಕಾನ ಕಡೆ ಕೇಳಿ ನೋಡ್ತೇನಿ. ಸಿಟ್ಟಾಗಬ್ಯಾಡ್ರಿ." ಸಿಟ್ಟಾಗಬೇಡಿ ಎಂದು ಮೊದಲೇ ಹೇಳಿದ ಮೇಲೆ ಸಿಟ್ಟಾಗಲು ಸಹ ದಾರಿ ಉಳಿಯಲಿಲ್ಲ. ಒಂದು ಗಿರಾಕಿ ಹೋದರೆ ಹೋಗಲಿ ಅನ್ನುವ ಹಾಗಿರಲಿಲ್ಲ. ಚನ್ನಬಸಪ್ಪನವರು ಬಿಟ್ಟರಂತೆ ಅಂದರೆ ಬ್ಯಾಡಗಿಯೇ ಬಿಟ್ಟ ಹಾಗೆ, ಅವರನ್ನು ನೋಡಿ ಉಳಿದವರು ನಡೆಯುತ್ತಿದ್ದರು.

ಶನಿವಾರ ಬೆಳಿಗ್ಗೆ ಅವರದೇ ಫೋನು ಬಂತು. "ಅಕ್ಕೋರ, ನಮ್ಮ ಅಂಗಡ್ಯಾಗ ತಲಿಬುರುಡಿ ಕುಂತೈತಲ್ರಿ."

ನನಗೆ ತಿಳಿಯಲಿಲ್ಲ. ಸೈಟ್ ತೆರೆದೆ. ಇಡೀ ಪುಟ ಕಪ್ಪು. ನಡುವೆ ಒಂದು ಬುರುಡೆ, ಅದರ ಕೆಳಗೆ ಹಸಿರು ಅಕ್ಷರಗಳಲ್ಲಿ ನಿಮ್ಮ ಸೈಟ್ ಈಗ ನಮ್ಮದು ಎಂಬ ಅರ್ಥದ ಇಂಗ್ಲಿಷು. ಜೊತೆಗೆ ಸ್ಪೀಕರಿನಲ್ಲಿ ಢಣಢಣ ಎಂಬ ಸಂಗೀತ. ಟೈಪಿಂಗ್ ಮಾಡುತ್ತಿದ್ದ ಹುಡುಗಿಯರೆಲ್ಲ ತಿರುಗಿ ನೋಡಿದರು. ಉಳಿದ ಸೈಟುಗಳನ್ನು ಒಂದೊಂದಾಗಿ ತೆರೆದೆ. ಬೀಜದ ಕಂಪನಿಯದು, ಕಲ್ಯಾಣ ಮಂಟಪದ್ದು, ಎಲ್ಲದರಲ್ಲೂ ಅದೇ ಬುರುಡೆ. ಕೊನೆಗೆ ರೇಣುಕಾಳ ಸೀರೆ ಅಂಗಡಿ ತೆರೆದೆ. ಅಲ್ಲಿಯೂ ಬುರುಡೆ. ಅಂಥ ಹೊತ್ತಿನಲ್ಲೂ ನನ್ನ ಜೀವಕ್ಕೆ ಒಂಚೂರು ತಂಪಾಯಿತು ಅಂದರೆ ನಂಬಿ. ಅರ್ಧ ತಾಸು ಕಳೆಯುವುದರೊಳಗೆ ಬುರುಡೆಯೂ ಹೋಯಿತು. ನಮ್ಮ ಜಾಗದಿಂದ ಯಾರೋ ಕಳ್ಳ ಮೇಲ್ ಕಳಿಸುತ್ತಿದ್ದಾರೆಂದು ಜಾಗ ಬಾಡಿಗೆಗೆ ಕೊಟ್ಟ ಕಂಪನಿಯವರು ತಲಬಾಗಿಲಿಗೇ ಬೀಗ ಜಡಿದಿದ್ದರು. ಪೂರ್ತಿ ಸ್ವಚ್ಛ ಮಾಡಿ, ಏನಾಯಿತೆಂದು ಬರೆದು ತಿಳಿಸಿದರೆ ಮಾತ್ರ ತೆಗೆಯುತ್ತೇವೆ ಎಂದು ಮೇಲ್ ಬಂತು.

ರೇಣುಕಾ ಹಾವೇರಿಯಿಂದ ಸಿಕ್ಕ ಬಸ್ಸಿಗೆ ಬಂದಳು. ಚೀಲದ ತುಂಬ ಸಿ.ಡಿ. ಇಬ್ಬರೂ ಅಕ್ಕಪಕ್ಕ ಕುಳಿತು, ಬೀಗದ ಹಿಂದೆ ನಮಗಷ್ಟೇ ಬಿಟ್ಟಿದ್ದ ಕಿಂಡಿಯಿಂದ ಒಳಗಿನ ಫೈಲುಗಳನ್ನು ನೋಡತೊಡಗಿದೆವು. ಕರೆಂಟು ಹೋಗುವುದು ಬರುವುದು ನಡೆದೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಶುಭ ಕೋರುವವರ ಫೋಟೋಗಳ ನಡುವೆ, ಒಬ್ಬ ಮದುಮಗನಿಗೂ ಒಂದು ಕೂಸಿಗೂ ಮಧ್ಯೆ, ಫೋಟೋ ಅಲ್ಲದ ಒಂದು ಫೈಲು. ಬಂದದ್ದು ಫೋಟೋನೋ ಬೇರೇನೋ ಎಂದು ಆ ಪುಟ ನೋಡುತ್ತಲೇ ಇರಲಿಲ್ಲ, ಯಾರು ಏನು ಕೊಟ್ಟರೂ ಒಳಗೆ ಇಟ್ಟುಕೊಳ್ಳುತ್ತಿತ್ತು. ಶುಭ ಕೋರಲು ಬಂದವರನ್ನು ಯಾರು ಯಾವೂರು ಎಂದು ಕೇಳುವುದು ನಮ್ಮ ಪದ್ಧತಿಯಲ್ಲಿ ಇಲ್ಲವಲ್ಲ. ಆ ಫೈಲು ಹಾಕಿದ ಕಳ್ಳನೂ ಬಂದ, ಕುಳಿತ, ಒಳಗಿನಿಂದ ಎಲ್ಲರ ಮನೆ ಬಾಗಿಲು ತೆರೆದ.

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಷ್ಟು ದಿನ ಅಂಕಿ ನೋಡಿ ನೋಡಿ ಉರಿದ ಹೊಟ್ಟೆಗೆ ಆ ಫೈಲು ಮಜ್ಜಿಗೆ ಕುಡಿಸಿದ ಹಾಗಿತ್ತು.

"ನೋಡು, ನಿನ್ನ ಮಂದಿ," ಅಂದೆ. "ಮಾರಿ ಲಕಲಕ ಅಂತಾವ ಅಂತ ಸಾವ್ಕಾರ್ರು ಹೊಗಳಿದ್ದ ಹೊಗಳಿದ್ದು."

ಅವಳು ಪರದೆಯನ್ನೇ ನೋಡುತ್ತ ಕುಳಿತಳು. ಮುಖ ಕೆಂಪಾಗಿತ್ತು. "ಖರೇರಿ ಅಕ್ಕೋರ, ನಂದ ತಪ್ಪು" ಅಂದಳು. ಅಷ್ಟೇ. ವಾದ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು, ನನಗೆ ಹೇಳಲಿಕ್ಕೆ ಇನ್ನೂ ಬಹಳ ಇತ್ತು.

"ಆ ಫೋಟೋ ಎಲ್ಲಾ ಒಮ್ಮೆಲೇ ಅಳಿಸಿಬಿಡು. ಲಗೂ ಮುಗೀತೈತಿ. ಸೋಮವಾರ ಮಂದಿ ಬರಾಕತ್ತಾರ."

"ಅಳಸಾಕಾಗೂದಿಲ್ರಿ."

"ಯಾಕ ಆಗೂದಿಲ್ಲ?"

"ಶುಭ ಕೋರಿದವ್ರ ಮಾರಿ ಹೆಂಗ ಅಳಸೂದ್ರಿ ಅಕ್ಕೋರ? ಈ ಅಜ್ಜ ನೋಡ್ರಿ, ಗುತ್ತಲದಾವ್ರು. ಹ್ವಾದ ತಿಂಗಳ ತೀರಿಕೊಂಡ್ರು. ಮೊಮ್ಮಗ ದಿನಾ ಕೆಫೆಗೆ ಬಂದು ನೋಡತಾನಂತ. ಒಂದೊಂದ ತಗದು ನೋಡ್ತೇನಿ, ಚಲೋವು ಇಡ್ತೇನಿ. ನೀವು ನಿಮ್ಮ ಸೈಟ್ ಮಾಡ್ರಿ, ನನ್ನ ಸಲುವಾಗಿ ತಡಾ ಮಾಡಬ್ಯಾಡ್ರಿ."

ನಾನು ನನ್ನ ಹಳೆಯ ಸಿ.ಡಿ.ಗಳಿಂದ ಸೈಟುಗಳನ್ನು ಮತ್ತೆ ಹಾಕಿ, ಪಾಸ್‌ವರ್ಡ್ ಬದಲಿಸಿ, ಸಂಜೆಯ ಹೊತ್ತಿಗೆ ಮುಗಿಸಿದೆ. ಅವಳು ಒಂದೊಂದೇ ಮುಖ ತೆರೆದು ನೋಡುತ್ತಿದ್ದಳು. ಅವಳದು ಮುಗಿಯದೆ ಬೀಗ ತೆಗೆಯುವ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಮತ್ತೆ ಬಂದು ಕುಳಿತಳು. ಬರುವಾಗ ಕುಪ್ಪೇಲೂರಿನಿಂದ ಅವಳ ತಾಯಿ ಕೊಟ್ಟ ರೊಟ್ಟಿ, ಎಣ್ಣೆಗಾಯಿ ತಂದಿದ್ದಳು. ತಿಂದೆ. ಎಣ್ಣೆಗಾಯಿ ಚೆನ್ನಾಗಿತ್ತು, ಅದಕ್ಕೂ ಸಂಕಟವಾಯಿತು. ಮಧ್ಯಾಹ್ನ ಅವಳದು ಮುಗಿಯಿತು. ಏನಾಯಿತು, ಹೇಗಾಯಿತು ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆವು. ಸಂಜೆ ಬೀಗ ತೆರೆಯಿತು. ಡಬ್ಬಿಕಾಯಿ ಕಡ್ಡಿಕಾಯಿ ಮೊದಲಿನ ಹಾಗೆ ಕೆಂಪಗೆ ಬಂದು ನಿಂತವು. ರೇಣುಕಾ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ನಾನು ಮಾತ್ರ ಒಂದು ನಿರ್ಧಾರ ಮಾಡಿದ್ದೆ. ಸೋಮವಾರ ಮೊದಲ ಬಸ್ಸಿಗೆ ಬ್ಯಾಡಗಿಗೆ ಹೋಗಬೇಕು. ಸಾವಕಾರರ ಮುಂದೆ ಕುಳಿತು, ಸಮಾಧಾನದಿಂದ, ಯಾರನ್ನೂ ದೂರದ ಹಾಗೆ ಕಾಣುವಂತೆ ದೂರಬೇಕು. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. 'ಅಕಿನೂ ಸಣ್ಣಾಕಿ, ಇನ್ನ ಕಲಿಯೂದೈತಿ. ಕಲಿಸಿದಾಕಿ ನಾನ, ಅದಕ್ಕ ತಪ್ಪು ನಂದೂ ಅಂತ ತಿಳಕೋರಿ.' ಈ ಕೊನೆಯ ಸಾಲು ನನಗೇ ಬಹಳ ಹಿಡಿಸಿತು. ಇಷ್ಟು ದೊಡ್ಡ ಮನಸ್ಸಿನವಳನ್ನು ಬಿಟ್ಟು ಸಾವಕಾರರು ಬೇರೆ ಯಾರ ಕಡೆ ಹೋದಾರು?

ಅಂಗಡಿ ಮುಟ್ಟಿದಾಗ ಸೀನಿನಿಂದ ಕಣ್ಣು ಮಂಜಾಗಿತ್ತು. ಒರೆಸಿಕೊಂಡು ನೋಡಿದರೆ ರಾಶಿಗಳ ನಡುವೆ ರೇಣುಕಾ ನಿಂತಿದ್ದಾಳೆ. ಮಸಾಲೆ ಕಂಪನಿಯ ಇಬ್ಬರು ಕಾಯಿ ಮುರಿದು ಬಣ್ಣ ನೋಡುತ್ತಿದ್ದಾರೆ. ಸಾವಕಾರರು ನಗುತ್ತಿದ್ದಾರೆ.

"ಬರ್ರಿ ಅಕ್ಕೋರ, ಕುಂದ್ರಿ. ಚಾ ತರಸ್ತೇನಿ" ಅಂದರು. "ರೇಣುಕಾ ಎಲ್ಲಾ ಹೇಳಿದ್ಲು. 'ನನ್ನ ಪುಟದಿಂದ ಕಳ್ಳ ಬಂದ, ಅಕ್ಕೋರದು ಏನೂ ತಪ್ಪಿಲ್ಲ, ಅವ್ರು ಎಲ್ಲಾ ಸುದ್ದ ಮಾಡಿ ಕೊಟ್ರು' ಅಂತ. ಮುಂಜಾನೆ ನಾ ಅಂಗಡಿ ತೆಗಿಯೂದ್ರಾಗ ಬಂದು ನಿಂತಿದ್ಲರಿ."

ನಾನು ಏನೋ ಹೇಳಹೋಗಿ ಸೀನಿದೆ.

"ನಮ್ಮ ದಂಧೇದಾಗ ಹಿಂಗ ಬಂದು ಹೇಳಾವ್ರು ಯಾರ್ರಿ?" ಸಾವಕಾರರು ಮುಂದುವರಿಸಿದರು. "ಹಸಿ ಕಾಯಿ ಕೆಳಗ ಹಾಕಿ ಒಣಗಿದ್ದು ಮ್ಯಾಲ ಹಾಕೋ ಮಂದೀನ ಜಾಸ್ತಿ. ಇಕಿ ಹಸೀದನ್ನ ತಗದು ತೋರಿಸಿದ್ಲು. ಇವ್ರಿಗೂ ಹೇಳಿದೆ, ಇವ್ರೂ ಭಾಳ ಮೆಚ್ಚಿದ್ರು. ಸಿಟ್ಟಾಗಬ್ಯಾಡ್ರಿ ಅಕ್ಕೋರ, ಮುಂದಿನ ಕೆಲಸ ಇಕಿಗೆ ಕೊಡಬೇಕಂತ ಮಾಡೇನಿ. ನಿಮ್ಮ ಶಿಷ್ಯಾನ ಅಲ್ಲ?"

ಚಹಾ ಬಂತು. ಕುಡಿದೆ. ಅವತ್ತಿನ ನನ್ನ ಹೊಟ್ಟೆಯ ಉರಿಗೆ ಮಾರ್ಕೆಟ್ಟಿನ ಅಷ್ಟೂ ಕಾಯಿ ಸಾಲದು. ಸೈಟ್ ಅವಳದು, ಅಂಕಿ ಅವಳದು, ಮಂದಿ ಅವಳವರು. ನನ್ನ ಕೈಯಲ್ಲಿ ಇದ್ದದ್ದು ಒಂದೇ, ಅವಳ ತಪ್ಪು. ಅದನ್ನೂ ನನ್ನ ಬಸ್ಸು ಮುಟ್ಟುವ ಮುಂಚೆಯೇ ಬಂದು ಅವಳೇ ತೆಗೆದುಕೊಂಡಿದ್ದಳು. ತಪ್ಪು ಮಾಡಿ ಇಷ್ಟು ಹೆಸರು ಬರುವುದಾದರೆ ನಾನು ಇಷ್ಟು ವರ್ಷ ಸರಿಯಾಗಿದ್ದು ಏನು ಬಂತು ಎಂದು ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಪಕ್ಕದವರು ಮೆಣಸಿನಕಾಯಿ ಘಾಟು ಅಂದುಕೊಂಡಿರಬೇಕು.

ಒಂದು ವಾರ ಬಿಟ್ಟು ಅವಳು ಮತ್ತೆ ಬಂದಳು. ಸಾವಕಾರರ ಸೈಟಿಗೂ ಶುಭ ಕೋರುವವರ ಪುಟ ಬಂದಿತ್ತು. ಈ ಸಲ ಬಂದ ಫೋಟೋ ತಾನೇ ಒಳಗೆ ಹೋಗುವ ಹಾಗಿರಲಿಲ್ಲ, ಒಬ್ಬರು ನೋಡಿ ಒಳಗೆ ಬಿಡಬೇಕಿತ್ತು.

"ಎರಡೂ ಸೈಟಿಂದು ನೀವ ನೋಡ್ರಿ ಅಕ್ಕೋರ. ನಿಮ್ಮ ಕಣ್ಣು ತಪ್ಪಿಸಿ ಏನೂ ಹೋಗೂದಿಲ್ಲ" ಅಂದಳು.

ಚುಚ್ಚಿದಳೋ ಹೊಗಳಿದಳೋ ಇವತ್ತಿಗೂ ತಿಳಿದಿಲ್ಲ. ಒಪ್ಪಿಕೊಂಡೆ. ಇಲ್ಲ ಅಂದರೆ ಹೊಟ್ಟೆಕಿಚ್ಚಿಗೆ ಅಂದಳು ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ. ಹಾಗಾಗಿ ಆ ಹಂಗಾಮೆಲ್ಲ ನನ್ನ ಕೆಲಸ ಇದೇ ಆಯಿತು. ದಿನಾ ಬೆಳಿಗ್ಗೆ ಕುಳಿತು ರೇಣುಕಾಳಿಗೆ ಶುಭ ಕೋರುವವರನ್ನು ಒಬ್ಬೊಬ್ಬರಾಗಿ ಒಳಗೆ ಬಿಡುವುದು. ಪೇಟ ಸುತ್ತಿದವರು, ಹೊಸ ಬೈಕಿನ ಮೇಲೆ ಕುಳಿತವರು, ಮೆಣಸಿನಕಾಯಿ ರಾಶಿಯ ಮೇಲೆ ಮಗುವನ್ನು ಕೂರಿಸಿ ಅದು ಅಳುವಾಗ ಫೋಟೋ ತೆಗೆದವರು. ಪ್ರತಿಯೊಂದರ ಕೆಳಗೂ ಮೂರು ಗುಂಡಿ. ಬಿಡು, ಬೇಡ, ಆಮೇಲೆ. ನಾನು ಬಿಡು, ಬಿಡು, ಬಿಡು ಎಂದು ಒತ್ತುತ್ತಿದ್ದೆ. ಅಂಕಿ ಏರುತ್ತಿತ್ತು.

ಕಾಯಿ ಬರುವುದು ಕಡಿಮೆಯಾಗುತ್ತಿದ್ದ ಹೊತ್ತಿನಲ್ಲಿ ಒಂದು ದಿನ ಒಂದು ಫೋಟೋ ಬಂತು. ಕರಿಹಲಗೆಯ ಮುಂದೆ ಸುಣ್ಣದಕಡ್ಡಿ ಹಿಡಿದು ನಿಂತ ಹೆಂಗಸು. ಅರ್ಧ ಮಾತಿನಲ್ಲಿ ಬಾಯಿ ತೆರೆದಿದೆ, ಕೈಯೆಲ್ಲ ಬಿಳಿ. ಕೆಳಗೆ 'ಗಿರಿಜಾ ಅಕ್ಕೋರು, ರಾಣೇಬೆನ್ನೂರು' ಎಂದು ಬರೆದಿತ್ತು. ಅದನ್ನು ನಾನು ಹಾಕಿರಲಿಲ್ಲ. ಯಾರು ಹಾಕಿದರೆಂದು ಗೊತ್ತಾಗುವ ಹಾಗೂ ಇರಲಿಲ್ಲ. ಬಹಳ ಹೊತ್ತು ನೋಡಿದೆ. 'ಬೇಡ' ಒತ್ತಲು ಕೈ ಬರಲಿಲ್ಲ, ಮುಖ ಚೆನ್ನಾಗಿ ಬಿದ್ದಿತ್ತು. 'ಬಿಡು' ಒತ್ತಿದರೆ ನಾನು ಅವಳಿಗೆ ಶುಭ ಕೋರಿದ ಹಾಗೆ. 'ಆಮೇಲೆ' ಒತ್ತಿದೆ. ಮಾರನೆಯ ದಿನ ಮತ್ತೆ ಅದೇ ಮುಖ ಮೊದಲಿಗೆ ಬಂದು ನಿಂತಿತ್ತು. ಆಮೇಲೆ. ಅದರ ಮಾರನೆಯ ದಿನವೂ ಆಮೇಲೆ. ನಾನು ಆ ಕೆಲಸ ಬಿಡುವವರೆಗೂ ಎಲ್ಲರೂ ನನ್ನನ್ನು ದಾಟಿಕೊಂಡು ಒಳಗೆ ಹೋದರು, ಆ ಹೆಂಗಸೊಬ್ಬಳು ಸುಣ್ಣದಕಡ್ಡಿ ಹಿಡಿದು ಹೊರಗೇ ನಿಂತಿದ್ದಳು.

ಈ ಫೆಬ್ರವರಿಯಲ್ಲಿ ಮಾರ್ಕೆಟ್ಟಿನ ಗೇಟಿನ ಬಳಿ ಸೀನುತ್ತ ನಿಂತಿದ್ದಾಗ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ರೇಣುಕಾ. ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಅವಳೂ ಮನೆಗೆ ಕಾಯಿ ಒಯ್ಯಲು ಬಂದಿದ್ದಳು. ಇಬ್ಬರೂ ಆ ದಂಧೆ ಬಿಟ್ಟು ಬಹಳ ವರ್ಷವಾಗಿದೆ, ಆ ಸೈಟುಗಳೂ ಈಗ ಇಲ್ಲ. ಮಾತಾಡುತ್ತ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತೆವು. ಚೀಲ ಕಟ್ಟುವವರೆಗೆ ಅದೂ ಇದೂ ಹೇಳಿದಳು. ಆಮೇಲೆ ಒಂದು ಕಡ್ಡಿಕಾಯಿ ಕೈಯಲ್ಲಿ ಮುರಿಯುತ್ತ ಕೇಳಿದಳು.

"ಅಕ್ಕೋರ, ಒಂದು ಕೇಳ್ಲೇನ್ರಿ? ಆ ನಿಮ್ಮ ಫೋಟೋ ನೀವು ಒಳಗ ಬಿಡಲೇ ಇಲ್ಲಲ್ರಿ."

"ನೀನ ಹಾಕಿದ್ದೇನು?"

"ಮತ್ಯಾರು ಹಾಕ್ತಾರ್ರಿ? ಕ್ಲಾಸಿನ್ಯಾಗ ಇದ್ದಾಗ ನಾನ ತಗದಿದ್ದೆ. ದಿನಾ ಸೈಟ್ ತಗದು ನೋಡತಿದ್ದೆ, ಇವತ್ತ ಬಿಟ್ಟಾರೋ ಏನು ಅಂತ."

ಅಷ್ಟು ದಿನ ಅವಳ ಅಂಕಿ ಏರಿಸಿದ್ದರಲ್ಲಿ ನನ್ನ ಜೊತೆ ಅವಳೂ ಇದ್ದಳು ಅಂದಹಾಗಾಯಿತು.

"ಈಗಾದ್ರ ಬಿಡತಿದ್ರೇನ್ರಿ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಕಾಯಿಯ ಘಾಟಿಗೋ ಏನೋ, ಹೇಳಲಾಗಲಿಲ್ಲ.

"ಬಿಡತಿದ್ದೆ," ಅಂದೆ. "ಆದ್ರ ಎಲ್ಲಾರದೂ ಆದಮ್ಯಾಲ, ಕಡೀಕ."

ಅವಳು ನಕ್ಕಳು. ನಗುತ್ತ ನಗುತ್ತ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಸೀನಿದಳು.